ನಿಯಮ ಬದಲಾದಾಗ

ಮೇಜಿನ ಮೇಲೆ ನಾಲ್ಕು ಕಾರ್ಡುಗಳಿವೆ. ಮೊದಲನೆಯದರಲ್ಲಿ ಒಂದು ಕೆಂಪು ತ್ರಿಕೋನ, ಎರಡನೆಯದರಲ್ಲಿ ಎರಡು ಹಸಿರು ನಕ್ಷತ್ರ, ಮೂರನೆಯದರಲ್ಲಿ ಮೂರು ಹಳದಿ ಕೂಡುಗುರುತು, ನಾಲ್ಕನೆಯದರಲ್ಲಿ ನಾಲ್ಕು ನೀಲಿ ವೃತ್ತ. ನಿಮ್ಮ ಕೈಗೆ ಇನ್ನೊಂದು ಕಟ್ಟು ಕಾರ್ಡು ಕೊಟ್ಟಿದ್ದಾರೆ. ಒಂದೊಂದಾಗಿ ತೆಗೆದು, ಆ ನಾಲ್ಕರಲ್ಲಿ ಯಾವುದಕ್ಕೆ ಹೊಂದುತ್ತದೋ ಅದರ ಕೆಳಗೆ ಇಡಬೇಕು. ಹೊಂದುವುದು ಬಣ್ಣದಲ್ಲೋ, ಆಕಾರದಲ್ಲೋ, ಎಣಿಕೆಯಲ್ಲೋ ಎಂಬುದನ್ನು ಯಾರೂ ಹೇಳುವುದಿಲ್ಲ. ಎದುರಿಗೆ ಕೂತವರು ಪ್ರತಿ ಸಲ ‘ಸರಿ’ ಅಥವಾ ‘ತಪ್ಪು’ ಎನ್ನುತ್ತಾರೆ, ಅಷ್ಟೇ. ನಾಲ್ಕಾರು ಕಾರ್ಡು ಇಡುವಷ್ಟರಲ್ಲಿ ಬಣ್ಣವೇ ನಿಯಮ ಎಂಬುದು ನಿಮಗೆ ಹೊಳೆಯುತ್ತದೆ. ಆಮೇಲೆ ಕೈ ತಾನಾಗಿ ಓಡುತ್ತದೆ: ಸರಿ, ಸರಿ, ಸರಿ. ಸತತ 10 ಸಲ ಸರಿಯಾದ ಮೇಲೆ, ಒಂದು ಮಾತೂ ಹೇಳದೆ, ಎದುರಿನವರು ನಿಯಮ ಬದಲಿಸಿಬಿಡುತ್ತಾರೆ. ಕೆಂಪು ಕಾರ್ಡನ್ನು ಎಂದಿನಂತೆ ಕೆಂಪಿನ ಕೆಳಗೆ ಇಡುತ್ತೀರಿ. ‘ತಪ್ಪು’ ಎಂಬ ಉತ್ತರ ಬರುತ್ತದೆ.

ಅಮೆರಿಕದ ಡೇವಿಡ್ ಗ್ರಾಂಟ್ ಮತ್ತು ಎಸ್ಟಾ ಬರ್ಗ್ 1948ರಲ್ಲಿ ಪ್ರಕಟಿಸಿದ ಈ ಪರೀಕ್ಷೆಗೆ ವಿಸ್ಕಾನ್ಸಿನ್ ಕಾರ್ಡ್ ಸಾರ್ಟಿಂಗ್ ಟೆಸ್ಟ್ ಎಂದು ಹೆಸರು. ಮನೋವಿಜ್ಞಾನದ ಹೆಚ್ಚಿನ ಪರೀಕ್ಷೆಗಳು ನೀವು ಎಷ್ಟು ಬೇಗ ಕಲಿಯುತ್ತೀರಿ ಎಂದು ಅಳೆಯುತ್ತವೆ. ಇದು ಅಳೆಯುವುದು ಕಲಿತದ್ದನ್ನು ಎಷ್ಟು ಬೇಗ ಬಿಡುತ್ತೀರಿ ಎಂಬುದನ್ನು. ಹತ್ತು ಸಲ ಕೈಹಿಡಿದ ನಿಯಮ ಹನ್ನೊಂದನೆಯ ಸಲ ಕೈಕೊಟ್ಟಾಗ ಹೆಚ್ಚಿನವರು ಒಂದೆರಡು ಬಾರಿ ಹಳೆಯದನ್ನೇ ನೆಚ್ಚಿ ನೋಡುತ್ತಾರೆ, ಆಮೇಲೆ ಬಣ್ಣ ಬಿಟ್ಟು ಆಕಾರಕ್ಕೆ ಹೊರಳುತ್ತಾರೆ.

ಎಲ್ಲರಿಗೂ ಹಾಗೆ ಹೊರಳಲಾಗುವುದಿಲ್ಲ. ಕೆನಡಾದ ಮಾಂಟ್ರಿಯಲ್ ನ್ಯೂರಾಲಜಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಬ್ರೆಂಡಾ ಮಿಲ್ನರ್ ಈ ಪರೀಕ್ಷೆಯನ್ನು ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಕೊಟ್ಟರು. ಅವರಲ್ಲಿ ಕೆಲವರಿಗೆ ಹಣೆಯ ಹಿಂದಿನ ಮೆದುಳಿನ ಒಂದು ಭಾಗವನ್ನು ತೆಗೆಯಲಾಗಿತ್ತು. 1963ರಲ್ಲಿ ಅವರು ಪ್ರಕಟಿಸಿದ ಫಲಿತಾಂಶವನ್ನು ಓದಿದಾಗ ಈಗಲೂ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ಈ ರೋಗಿಗಳು ಮೊದಲ ನಿಯಮವನ್ನು ಕಲಿತರು. ನಿಯಮ ಬದಲಾದ ಮೇಲೂ ಅದನ್ನೇ ಹಿಡಿದು ಕಾರ್ಡಿನ ಮೇಲೆ ಕಾರ್ಡು ಇಡುತ್ತಾ ಹೋದರು. ಕೆಲವರಂತೂ ಕಾರ್ಡು ಇಡುವಾಗಲೇ ‘ಇದು ತಪ್ಪು’ ಎಂದು ತಾವಾಗಿ ಹೇಳುತ್ತಿದ್ದರು. ಹೇಳುತ್ತಲೇ ಇಡುತ್ತಿದ್ದರು. ತಪ್ಪೆಂದು ಅರಿಯುವ ಮೆದುಳೂ ಅದನ್ನು ತಿದ್ದಿಕೊಳ್ಳುವ ಮೆದುಳೂ ಬೇರೆ ಬೇರೆ, ಮತ್ತು ಎರಡನೆಯದರ ಕೆಲಸ ಬಹುಮಟ್ಟಿಗೆ ಹಣೆಯ ಹಿಂದೆ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಹದಿನೆಂಟರಿಂದ ಇಪ್ಪತ್ತೆಂಟರವರೆಗಿನ ಹತ್ತು ವರ್ಷ ನಿಯಮಗಳು ಹೇಳದೆ ಕೇಳದೆ ಬದಲಾಗುವ ಕಾಲ. ಪಿಯುಸಿವರೆಗೆ ಒಂದೇ ನಿಯಮ: ಪಠ್ಯಪುಸ್ತಕದಲ್ಲಿ ಇದ್ದದ್ದನ್ನು ಬರೆದರೆ ಅಂಕ, ಅಂಕ ಬಂದರೆ ಶಾಭಾಸ್. ಡಿಗ್ರಿಯ ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ, ಅಥವಾ ಮೊದಲ ಕೆಲಸಕ್ಕೆ ಸೇರಿದ ತಿಂಗಳಲ್ಲಿ, ಆ ನಿಯಮ ಕೆಲಸ ಮಾಡುವುದು ನಿಲ್ಲುತ್ತದೆ. ಇಲ್ಲಿ ಸಿಲಬಸ್ ಇಲ್ಲ. ಉತ್ತರ ಬರೆದವರಿಗಿಂತ ಪ್ರಶ್ನೆ ಕೇಳಿದವರು ಮುಂದೆ ಹೋಗುತ್ತಾರೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ತರಗತಿಗೇ ಮೊದಲಿಗನಾಗಿದ್ದ ಹುಡುಗ ಇಂಗ್ಲಿಷಿನ ಇಂಜಿನಿಯರಿಂಗ್ ಕಾಲೇಜಿಗೆ ಬಂದು ಕಡೇ ಬೆಂಚಿನಲ್ಲಿ ಕೂರುತ್ತಾನೆ. ಅವನ ಬುದ್ಧಿಯೇನೂ ಕಡಿಮೆಯಾಗಿಲ್ಲ, ಗೊತ್ತಿರುವುದನ್ನು ಗೊತ್ತಿದೆ ಎಂದು ತೋರಿಸುವ ದಾರಿ ಬದಲಾಗಿದೆ. ರಾಯಚೂರಿನ ಮನೆಯಲ್ಲಿ ಕೇಳದೇ ಬಡಿಸುತ್ತಿದ್ದ ಊಟ ಬೆಂಗಳೂರಿನ ಪಿಜಿಯಲ್ಲಿ ಒಂಬತ್ತೂವರೆ ದಾಟಿದರೆ ಸಿಗುವುದಿಲ್ಲ. ಸ್ನೇಹ, ದುಡ್ಡು, ನಿದ್ದೆ, ಪ್ರೀತಿ ಎಲ್ಲದರ ಲೆಕ್ಕವೂ ಹೊಸತು. ಇಷ್ಟೆಲ್ಲ ಆಗುವಾಗ ಫೋನಿನಲ್ಲಿ ಮನೆಯವರು ಹೇಳುವುದು ಒಂದೇ ಮಾತು: ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಮಗಾ.’

ಪ್ರೀತಿಯಿಂದಲೇ ಹೇಳುವ ಮಾತು ಅದು. ಆದರೆ ಆ ಮಾತಿನ ಹಿಂದೆ ಒಂದು ನಂಬಿಕೆಯಿದೆ: ಹೊಂದಿಕೊಳ್ಳುವುದು ಮನಸ್ಸು ಮಾಡಿದರೆ ಆಗಿಬಿಡುವ ಕೆಲಸ, ಆಗದಿದ್ದರೆ ಅದು ಹಟ ಅಥವಾ ಸೋಮಾರಿತನ. ಕಳೆದ 25 ವರ್ಷಗಳ ಮೆದುಳಿನ ಅಧ್ಯಯನಗಳು ಈ ನಂಬಿಕೆಯನ್ನು ಒಪ್ಪುವುದಿಲ್ಲ. ಬದಲಾವಣೆಗೆ ಒಗ್ಗುವ ಶಕ್ತಿಗೆ ಕಟ್ಟಡವಿದೆ, ಕಟ್ಟಲು ಸಾಮಗ್ರಿ ಬೇಕು, ಸಮಯ ಬೇಕು, ಕೆಲವು ಪರಿಸ್ಥಿತಿಗಳಲ್ಲಿ ಅದು ಕುಸಿಯುತ್ತದೆ, ಕೆಲವು ಪರಿಸ್ಥಿತಿಗಳಲ್ಲಿ ಮತ್ತೆ ಏಳುತ್ತದೆ.

ಕಟ್ಟಡದಿಂದಲೇ ಶುರುಮಾಡೋಣ. ಮಗುವಿನ ಮೆದುಳಿನಲ್ಲಿ ನರಕೋಶಗಳ ನಡುವಿನ ಸಂಪರ್ಕಗಳು, ಅಂದರೆ ಸಿನಾಪ್ಸ್‌ಗಳು, ಬೇಕಾದದ್ದಕ್ಕಿಂತ ಬಹಳ ಹೆಚ್ಚಾಗಿ ಹುಟ್ಟುತ್ತವೆ. ಬಳಕೆಯಾದವು ಉಳಿಯುತ್ತವೆ, ಉಳಿದವು ಕಳಚಿಕೊಳ್ಳುತ್ತವೆ. ನೋಟಕ್ಕೆ ಸಂಬಂಧಿಸಿದ ಭಾಗಗಳಲ್ಲಿ ಈ ಕೆಲಸ ಬಾಲ್ಯದಲ್ಲೇ ಬಹುಪಾಲು ಮುಗಿಯುತ್ತದೆ. ಹಣೆಯ ಹಿಂದಿನ ಪ್ರೀಫ್ರಾಂಟಲ್ ಕಾರ್ಟೆಕ್ಸ್‌ನಲ್ಲಿ ಮಾತ್ರ ಅದಕ್ಕೆ ಅವಸರವಿಲ್ಲ. ಕ್ರೊಯೇಷಿಯಾದ ಝ್ದ್ರಾವ್ಕೊ ಪೆಟಾನ್ಯೆಕ್ ಮತ್ತು ಸಂಗಡಿಗರು ಹಸುಳೆಯಿಂದ 91 ವರ್ಷದವರವರೆಗೆ 32 ಮಂದಿಯ ಮೆದುಳಿನ ಅಂಗಾಂಶವನ್ನು ಮರಣಾನಂತರ ಪರೀಕ್ಷಿಸಿ 2011ರಲ್ಲಿ ವರದಿ ಮಾಡಿದರು: ಈ ಭಾಗದಲ್ಲಿ ಸಂಪರ್ಕಗಳ ಸವರಿಕೆ ಹದಿಹರೆಯ ದಾಟಿ, ಇಪ್ಪತ್ತರ ದಶಕದ ಉದ್ದಕ್ಕೂ ನಡೆಯುತ್ತಿರುತ್ತದೆ. ದೂರದ ಭಾಗಗಳನ್ನು ಬೆಸೆಯುವ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಹತ್ತುವ ಕೆಲಸವೂ ಹಾಗೆಯೇ ನಿಧಾನವಾಗಿ ಸಾಗುತ್ತದೆ. ಹೊದಿಕೆ ಬಂದಂತೆ ಸಂದೇಶಗಳ ವೇಗ ಹೆಚ್ಚುತ್ತದೆ, ಆದರೆ ದಾರಿ ಬದಲಿಸುವುದು ಕಷ್ಟವಾಗುತ್ತದೆ. ಮೆದುಳು ಬಲಿಯುವುದೆಂದರೆ ಚುರುಕಿಗಾಗಿ ಮೆತುತನವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುವುದು.

ಇಲ್ಲಿ ಒಂದು ಜನಪ್ರಿಯ ತಪ್ಪನ್ನು ತಿದ್ದಬೇಕು. ಮೆದುಳು 25ಕ್ಕೆ ಪೂರ್ಣವಾಗುತ್ತದೆ ಎಂಬ ಮಾತು ವಾಟ್ಸಾಪಿನಿಂದ ಹಿಡಿದು ಭಾಷಣಗಳವರೆಗೆ ಓಡಾಡುತ್ತಿದೆ. ಅಂಥ ಗಡಿಯನ್ನು ಯಾವ ಪ್ರಯೋಗವೂ ಕಂಡುಹಿಡಿದಿಲ್ಲ. 1990ರ ದಶಕದಿಂದ ಮಕ್ಕಳನ್ನು ಮತ್ತೆ ಮತ್ತೆ ಎಂಆರ್‌ಐಗೆ ಒಳಪಡಿಸಿದ ಅಧ್ಯಯನಗಳಲ್ಲಿ ಬದಲಾವಣೆ ಇಪ್ಪತ್ತರಾಚೆಗೂ ನಡೆದಿರುವುದು ಕಂಡಿತು. ಬೇರೆ ಬೇರೆ ಭಾಗ, ಬೇರೆ ಬೇರೆ ಅಳತೆ, ಬೇರೆ ಬೇರೆ ವೇಗ. 2025ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ತಂಡವೊಂದು ಸುಮಾರು 3,800 ಜನರ ಸ್ಕ್ಯಾನ್‌ಗಳನ್ನು ನೋಡಿ, ಮೆದುಳಿನ ಜಾಲದ ಜೋಡಣೆಯಲ್ಲಿ ಎದ್ದು ಕಾಣುವ ಒಂದು ತಿರುವು 32ರ ಹೊತ್ತಿಗೆ ಬರುತ್ತದೆ ಎಂದಿತು. ಅದನ್ನೂ ಹೊಸ ಗಡಿ ಮಾಡಿಕೊಳ್ಳುವುದು ಬೇಡ. ಅವೆಲ್ಲ ಸರಾಸರಿಗಳು. ನನ್ನ ಮಟ್ಟಿಗೆ ಮುಖ್ಯವಾದ ಸಂಗತಿ ಇಷ್ಟೇ: ಹದಿನೆಂಟಕ್ಕೆ ಮತ ಹಾಕುವ, ಇಪ್ಪತ್ತೆರಡಕ್ಕೆ ಸಂಬಳ ತರುವ ಹುಡುಗ ಹುಡುಗಿಯರಲ್ಲಿ ನಿಯಮ ಬದಲಿಸುವ ಮೆದುಳಿನ ಭಾಗ ಇನ್ನೂ ಕೆಲಸ ನಡೆಯುತ್ತಿರುವ ಜಾಗ.

ಹೀಗೆ ಒಳಗೊಳಗೇ ಬದಲಾಗುತ್ತಿರುವುದು ನಮಗೆ ಗೊತ್ತಾಗುತ್ತದೆಯೇ? ಆಶ್ಚರ್ಯವೆಂದರೆ, ಇಲ್ಲ. ಜೋರ್ಡಿ ಕ್ವಾಡ್‌ಬಾಕ್, ಡೇನಿಯಲ್ ಗಿಲ್ಬರ್ಟ್ ಮತ್ತು ಟಿಮೊಥಿ ವಿಲ್ಸನ್ 18ರಿಂದ 68 ವರ್ಷದೊಳಗಿನ 19,000ಕ್ಕೂ ಹೆಚ್ಚು ಮಂದಿಯನ್ನು ಪ್ರಶ್ನಿಸಿ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಕೆಲವರನ್ನು ‘ಕಳೆದ 10 ವರ್ಷದಲ್ಲಿ ನಿಮ್ಮ ಸ್ವಭಾವ, ಮೌಲ್ಯ, ಇಷ್ಟಗಳು ಎಷ್ಟು ಬದಲಾಗಿವೆ?’ ಎಂದು, ಇನ್ನು ಕೆಲವರನ್ನು ‘ಮುಂದಿನ 10 ವರ್ಷದಲ್ಲಿ ಎಷ್ಟು ಬದಲಾಗಬಹುದು?’ ಎಂದು ಕೇಳಿದರು. ಎಲ್ಲ ವಯಸ್ಸಿನವರೂ ಹಿಂದೆ ಬಹಳ ಬದಲಾಗಿದ್ದೇವೆ, ಮುಂದೆ ಅಷ್ಟಾಗಿ ಬದಲಾಗುವುದಿಲ್ಲ ಎಂದರು. 18ರವರು ಊಹಿಸಿದ ಬದಲಾವಣೆಗಿಂತ 28ರವರು ತಮ್ಮಲ್ಲಿ ಆಗಿದೆ ಎಂದು ಹೇಳಿದ ಬದಲಾವಣೆ ಬಹಳ ದೊಡ್ಡದು. ಈಗ ಮೆಚ್ಚಿರುವ ಸಂಗೀತತಂಡದ ಕಾರ್ಯಕ್ರಮವನ್ನು 10 ವರ್ಷ ಬಿಟ್ಟು ನೋಡಲು ಜನ ಸರಾಸರಿ 129 ಡಾಲರ್ ಕೊಡಲು ಸಿದ್ಧರಿದ್ದರು. 10 ವರ್ಷದ ಹಿಂದೆ ಮೆಚ್ಚಿದ್ದ ತಂಡವನ್ನು ಈಗ ನೋಡಲು ಕೊಡುತ್ತೇವೆ ಎಂದದ್ದು 80 ಡಾಲರ್ ಮಾತ್ರ.

ಇಂದಿನ ‘ನಾನು’ ಕೊನೆಯ ‘ನಾನು’ ಎಂಬ ಈ ಭ್ರಮೆಗೆ ವಿಜ್ಞಾನಿಗಳೂ ಒಳಗಾಗಿದ್ದರು. ಅಮೆರಿಕದ ಮನೋವಿಜ್ಞಾನದ ಹಿರಿಯ ವಿಲಿಯಂ ಜೇಮ್ಸ್ 1890ರ ತಮ್ಮ ಗ್ರಂಥದಲ್ಲಿ ಮೂವತ್ತಕ್ಕೆ ಹೆಚ್ಚಿನವರ ಸ್ವಭಾವ ಗಟ್ಟಿಯಾಗಿಬಿಡುತ್ತದೆ ಎಂದು ಬರೆದಿದ್ದರು. ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು 2006ರಲ್ಲಿ, ಒಂದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ 92 ಅಧ್ಯಯನ-ಗುಂಪುಗಳ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಕಂಡದ್ದು ಬೇರೆ ಚಿತ್ರ. ಸ್ವಭಾವದಲ್ಲಿ ಅತಿಹೆಚ್ಚು ಬದಲಾವಣೆ ಆಗುವುದು 20ರಿಂದ 40ರ ನಡುವೆ, ಹದಿಹರೆಯದಲ್ಲಲ್ಲ. ಅದೂ ಹೆಚ್ಚಾಗಿ ಒಳ್ಳೆಯ ದಿಕ್ಕಿಗೆ: ಜವಾಬ್ದಾರಿ ಹೆಚ್ಚುತ್ತದೆ, ಮನಸ್ಸಿನ ಏರುಪೇರು ತಗ್ಗುತ್ತದೆ. ಹದಿನೇಳನೇ ವಯಸ್ಸಿನಲ್ಲಿ ಆರಿಸಿಕೊಂಡ ಕೋರ್ಸು ಇಪ್ಪತ್ತೆರಡರಲ್ಲಿ ಪರಕೀಯ ಅನ್ನಿಸಿದರೆ ಅದು ಚಂಚಲತೆ ಅಲ್ಲ ಎಂದು ನಾನು ಯುವಕರಿಗೆ ಧೈರ್ಯವಾಗಿ ಹೇಳುವುದು ಈ ಆಧಾರದ ಮೇಲೆ. ಆರಿಸಿದವರು ಒಬ್ಬರು, ಓದಿ ಮುಗಿಸಿದವರು ಇನ್ನೊಬ್ಬರು.

ಇನ್ನು ಕಲಿಕೆಯ ಒಳಗಿನ ಲೆಕ್ಕ. ಮೆದುಳು ಸದಾ ಮುಂದೇನಾಗುತ್ತದೆ ಎಂದು ಊಹಿಸುತ್ತಿರುತ್ತದೆ, ಊಹೆ ತಪ್ಪಿದಾಗ ಕಲಿಯುತ್ತದೆ. ಇದನ್ನು ನರಕೋಶದ ಮಟ್ಟದಲ್ಲಿ ಕಂಡವರು ವುಲ್ಫ್ರಾಮ್ ಶುಲ್ಟ್ಜ್. ಕೋತಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಅದರ ಡೋಪಮಿನ್ ನರಕೋಶಗಳು ಮಿಡಿದವು. ಬೆಳಕು ಹೊತ್ತಿದ ಮೇಲೆ ರಸ ಬರುತ್ತದೆ ಎಂದು ಕಲಿತ ನಂತರ ಬೆಳಕಿಗೇ ಮಿಡಿದವು, ರಸಕ್ಕಲ್ಲ. ಬೆಳಕು ಹೊತ್ತಿಯೂ ರಸ ಬಾರದಿದ್ದಾಗ ಮಿಡಿತ ತಗ್ಗಿತು. ಹಾಗಾದರೆ ಪ್ರತಿ ತಪ್ಪಿದ ಊಹೆಗೂ ನಿಯಮ ಬದಲಿಸಬೇಕೆ? ಬದಲಿಸಿದರೆ ಬದುಕು ಗಾಳಿಪಟವಾಗುತ್ತದೆ, ಬದಲಿಸದಿದ್ದರೆ ಮಿಲ್ನರ್ ಅವರ ರೋಗಿಗಳ ಪಾಡು. ಹೊಸ ಸುದ್ದಿಗೆ ಎಷ್ಟು ತೂಕ ಕೊಡಬೇಕು ಎಂಬುದೇ ಪ್ರಶ್ನೆ.

ಮುಂಗಾರು ಪ್ರತಿ ವರ್ಷ ಹೆಚ್ಚುಕಡಿಮೆ ಒಂದೇ ನಕ್ಷತ್ರದಲ್ಲಿ ಹಿಡಿಯುವ ಊರಲ್ಲಿ ಒಂದು ವರ್ಷ ಮಳೆ ತಡವಾದರೆ ರೈತ ಬಿತ್ತನೆಯ ಲೆಕ್ಕವನ್ನೇ ತಿದ್ದಲು ಹೋಗುವುದಿಲ್ಲ, ಈ ಸಲ ಹೀಗಾಯಿತು ಎನ್ನುತ್ತಾನೆ. ಮಳೆಯೇ ದಿಕ್ಕೆಟ್ಟು ವರ್ಷಕ್ಕೊಂದು ಬಗೆಯಾದಾಗ ಮಾತ್ರ ಹಳೆಯ ಲೆಕ್ಕ ಬದಿಗಿಟ್ಟು ಈ ವಾರದ ಮೋಡ ನೋಡುತ್ತಾನೆ. ಮೆದುಳೂ ಹೀಗೆಯೇ ಮಾಡುತ್ತದೆ ಎಂದು ಆಕ್ಸ್‌ಫರ್ಡಿನ ಟಿಮೊಥಿ ಬೆರೆನ್ಸ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಎರಡು ಬಣ್ಣಗಳಲ್ಲಿ ಯಾವುದಕ್ಕೆ ಬಹುಮಾನ ಎಂದು ಊಹಿಸುವ ಸರಳ ಆಟ ಅವರದು. ನಿಯಮ ಸ್ಥಿರವಾಗಿದ್ದಾಗ ಆಟಗಾರರು ಒಂದೆರಡು ಸೋಲುಗಳನ್ನು ಲೆಕ್ಕಕ್ಕಿಡಲಿಲ್ಲ. ನಿಯಮ ಪದೇ ಪದೇ ತಿರುಗುವಾಗ ಇತ್ತೀಚಿನ ಪ್ರತಿ ಫಲಿತಾಂಶಕ್ಕೂ ಹೆಚ್ಚು ತೂಕ ಕೊಟ್ಟರು. ಜಗತ್ತು ಎಷ್ಟು ವೇಗವಾಗಿ ಬದಲಾಗುತ್ತಿದೆ ಎಂಬುದನ್ನೇ ಅಳೆಯುವ ಚಟುವಟಿಕೆ ಆಂಟೀರಿಯರ್ ಸಿಂಗ್ಯುಲೇಟ್ ಎಂಬ ಭಾಗದಲ್ಲಿ ಕಂಡಿತು. ನಿಜವಾದ ಹೊಂದಿಕೆ ಎಂದರೆ ಸದಾ ಬಾಗುವುದಲ್ಲ. ಯಾವಾಗ ಬಾಗಬೇಕು, ಯಾವಾಗ ಇದು ಬರೀ ಒಂದು ಕೆಟ್ಟ ದಿನ ಎಂದು ಬಿಟ್ಟುಬಿಡಬೇಕು ಎಂದು ಗುರುತಿಸುವುದು.

ಈ ಗುರುತಿಸುವಿಕೆ ಆತಂಕದಲ್ಲಿರುವವರಿಗೆ ಕಷ್ಟ. ಮೈಕೆಲ್ ಬ್ರೌನಿಂಗ್, ಸೋನಿಯಾ ಬಿಷಪ್ ಮುಂತಾದವರು 2015ರಲ್ಲಿ ಇಂಥದೇ ಆಟವನ್ನು ಸಣ್ಣ ವಿದ್ಯುತ್ ಶಾಕಿನ ಜೊತೆ ಆಡಿಸಿದರು. ಆತಂಕದ ಸ್ವಭಾವ ಹೆಚ್ಚಿದ್ದವರು ಸ್ಥಿರ ಕಾಲಕ್ಕೂ ಅಸ್ಥಿರ ಕಾಲಕ್ಕೂ ತಕ್ಕಂತೆ ತಮ್ಮ ಕಲಿಕೆಯ ವೇಗವನ್ನು ಹೊಂದಿಸಿಕೊಳ್ಳಲಿಲ್ಲ. ಮೊದಲ ಇಂಟರ್ನಲ್ಸ್‌ನಲ್ಲಿ ಅಂಕ ಕಡಿಮೆ ಬಂದ ಕೂಡಲೇ ‘ನಾನು ಈ ಕೋರ್ಸಿಗೇ ಲಾಯಕ್ಕಿಲ್ಲ’ ಎನ್ನುವ ವಿದ್ಯಾರ್ಥಿ, ಮೂರು ವರ್ಷದಿಂದ ಒಂದೇ ಬಗೆಯಲ್ಲಿ ಓದಿ ಒಂದೇ ಬಗೆಯಲ್ಲಿ ಸೋಲುತ್ತಿರುವ ವಿದ್ಯಾರ್ಥಿ, ಇವರಿಬ್ಬರ ತೊಡಕೂ ಒಂದೇ ಜಾಗದ್ದು.

ಹಾಗೆಂದು ಅನಿಶ್ಚಿತತೆಯಲ್ಲಿ ಎದೆ ಡವಗುಟ್ಟುವುದೇ ರೋಗವಲ್ಲ. ಲಂಡನ್ನಿನ ಯುನಿವರ್ಸಿಟಿ ಕಾಲೇಜಿನ ಆರ್ಚಿ ಡಿ ಬರ್ಕರ್ ಮತ್ತು ಸಂಗಡಿಗರ 2016ರ ಪ್ರಯೋಗದಲ್ಲಿ 45 ಮಂದಿ ಕಂಪ್ಯೂಟರ್ ಪರದೆಯ ಮೇಲೆ ಬಂಡೆಗಳನ್ನು ಎತ್ತಿ ನೋಡಬೇಕಿತ್ತು. ಕೆಳಗೆ ಹಾವಿದ್ದರೆ ಕೈಗೆ ನೋಯುವ ಶಾಕ್. ಕಣ್ಣಿನ ಪಾಪೆಯ ಅಗಲ, ಚರ್ಮದ ಬೆವರು, ಅವರೇ ಹೇಳಿದ ಒತ್ತಡ ಎಲ್ಲವನ್ನೂ ಅಳೆದರು. ಒತ್ತಡ ಅತಿಹೆಚ್ಚು ಇದ್ದದ್ದು ಶಾಕ್ ಖಂಡಿತ ಎಂದು ಗೊತ್ತಿದ್ದಾಗ ಅಲ್ಲ, ಸಾಧ್ಯತೆ ಶೇ 50 ಇದ್ದಾಗ. ಪೆಟ್ಟು ಬೀಳುವುದು ನಿಶ್ಚಿತವೆಂದು ತಿಳಿದವರಿಗಿಂತ, ಬೀಳುತ್ತದೋ ಇಲ್ಲವೋ ತಿಳಿಯದವರು ಹೆಚ್ಚು ನರಳಿದರು. ಇಂಟರ್‌ವ್ಯೂ ಫಲಿತಾಂಶಕ್ಕೆ ಕಾಯುವ ವಾರ ‘ಆಯ್ಕೆಯಾಗಿಲ್ಲ’ ಎಂಬ ಇಮೇಲಿಗಿಂತ ಯಾಕೆ ಭಾರ ಎಂಬುದಕ್ಕೆ ಇದೇ ಉತ್ತರ. ಇದೇ ಪ್ರಯೋಗದ ಇನ್ನೊಂದು ಫಲಿತಾಂಶ ನನಗೆ ಇನ್ನೂ ಪ್ರಿಯ: ಯಾರ ಒತ್ತಡ ಅನಿಶ್ಚಿತತೆಯ ಏರಿಳಿತವನ್ನು ನಿಕಟವಾಗಿ ಹಿಂಬಾಲಿಸಿತೋ ಅವರೇ ಹಾವು ಎಲ್ಲಿದೆ ಎಂದು ಚೆನ್ನಾಗಿ ಊಹಿಸಿದರು. ಆ ಡವಡವ ಕಲಿಕೆಯ ಸದ್ದು. ಗೊತ್ತಿಲ್ಲದಾಗ ಏರಿ ಗೊತ್ತಾದಾಗ ಇಳಿಯುವವರೆಗೆ ಅದು ನಮ್ಮ ಪರವಾಗಿಯೇ ಕೆಲಸ ಮಾಡುತ್ತಿದೆ.

ಎಳೆಯ ಮೆದುಳಿಗೆ ಈ ಕೆಲಸದಲ್ಲಿ ಸ್ಪಷ್ಟ ಅನುಕೂಲವಿದೆ. ಬರ್ಕ್‌ಲಿಯ ಮರಿಯಾ ಎಕ್‌ಸ್ಟೈನ್, ಲಿಂಡಾ ವಿಲ್‌ಬ್ರೆಕ್ಟ್, ಆ್ಯನ್ ಕಾಲಿನ್ಸ್ ಮತ್ತು ಸಂಗಡಿಗರು 8ರಿಂದ 30 ವರ್ಷದ 291 ಮಂದಿಗೆ ನಿಯಮ ತಿರುಗುವ ಆಟ ಕೊಟ್ಟು 2022ರಲ್ಲಿ ವರದಿ ಮಾಡಿದರು. ಎಲ್ಲರಿಗಿಂತ ಚೆನ್ನಾಗಿ ಆಡಿದವರು 13ರಿಂದ 15ರ ಹುಡುಗ ಹುಡುಗಿಯರು. ದೊಡ್ಡವರು ಅವರ ಹಿಂದೆ ಬಿದ್ದರು. ಯೌವನ ಈ ಅನುಕೂಲದ ಇಳಿಜಾರಿನ ಮೊದಲ ಭಾಗ ಎನ್ನಬಹುದು. ಚುರುಕು ಇನ್ನೂ ಇದೆ, ಅನುಭವವೂ ಸೇರುತ್ತಿದೆ.

ಇಷ್ಟೆಲ್ಲ ಇದ್ದೂ ಇಪ್ಪತ್ತರ ಹರೆಯದ ಎಷ್ಟೋ ಮಂದಿ ಬದಲಾವಣೆಯ ಎದುರು ಕಲ್ಲಾಗುತ್ತಾರಲ್ಲ, ಯಾಕೆ? ಇದಕ್ಕೆ ಉತ್ತರದ ಒಂದು ದೊಡ್ಡ ಪಾಲು ಬೆಂಗಳೂರಿನಿಂದಲೇ ಬಂದಿದೆ. ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿಯವರ ತಂಡ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರ ಜೊತೆಗೂಡಿ, ಇಲಿಗಳ ಮೇಲೆ ಒತ್ತಡದ ಪರಿಣಾಮವನ್ನು ನೋಡಿತು. ದಿನಕ್ಕೆ 2 ಗಂಟೆಯಂತೆ 10 ದಿನ ಇಲಿಯನ್ನು ಅಲುಗಾಡಲಾಗದಂತೆ ಹಿಡಿದಿಡುವುದು ಪ್ರಯೋಗ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಮೊಟಕಾದವು. ಇದು ಮೊದಲೇ ಗೊತ್ತಿದ್ದ ಸಂಗತಿ. ಯಾರೂ ನಿರೀಕ್ಷಿಸದಿದ್ದದ್ದು ಭಯದ ಕೇಂದ್ರವಾದ ಅಮಿಗ್ಡಾಲದಲ್ಲಿ ಕಂಡಿತು. ಅಲ್ಲಿ ಕವಲುಗಳು ಉದ್ದವಾಗಿ ಬೆಳೆದಿದ್ದವು. ಒಂದೇ ಒತ್ತಡ ಒಂದು ಕಡೆ ಮೆದುಳನ್ನು ಕತ್ತರಿಸಿತು, ಇನ್ನೊಂದು ಕಡೆ ಬೆಳೆಸಿತು. 2002ರ ಈ ವರದಿಯ ನಂತರ, 2004ರಲ್ಲಿ ಅದೇ ತಂಡ ಇಲಿಗಳಿಗೆ 21 ದಿನ ವಿಶ್ರಾಂತಿ ಕೊಟ್ಟು ನೋಡಿತು. ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು. ಅಮಿಗ್ಡಾಲದ ಬೆಳವಣಿಗೆ ಮತ್ತು ಇಲಿಯ ಅಂಜಿಕೆ ಹಾಗೆಯೇ ಉಳಿದವು.

ಪ್ರೀಫ್ರಾಂಟಲ್ ಕಾರ್ಟೆಕ್ಸ್‌ನ ಕಥೆಯನ್ನು ಮನುಷ್ಯರಲ್ಲೇ ನೋಡಿದವರು ಕಾನರ್ ಲಿಸ್ಟನ್, ಬ್ರೂಸ್ ಮೆಕ್‌ಯೂವೆನ್ ಮತ್ತು ಬಿ.ಜೆ. ಕೇಸಿ. ಅವರು ಆರಿಸಿಕೊಂಡದ್ದು ದೊಡ್ಡ ಪರೀಕ್ಷೆಯೊಂದಕ್ಕೆ ಒಂದು ತಿಂಗಳಿಂದ ಓದುತ್ತಿದ್ದ 20 ವೈದ್ಯಕೀಯ ವಿದ್ಯಾರ್ಥಿಗಳನ್ನು. ಹೋಲಿಕೆಗೆ ಅಷ್ಟೇ ಸಂಖ್ಯೆಯ, ಒತ್ತಡ ಕಡಿಮೆಯಿದ್ದ ಯುವಜನರು. ಸ್ಕ್ಯಾನರ್ ಒಳಗೆ ಮಲಗಿ ಪರದೆಯ ಮೇಲಿನ ಚಿತ್ರಗಳ ಬಣ್ಣಕ್ಕೆ ಒಮ್ಮೆ, ಚಲನೆಗೆ ಒಮ್ಮೆ ಗಮನ ಹೊರಳಿಸಬೇಕು. ಒತ್ತಡದಲ್ಲಿದ್ದವರಿಗೆ ಹೀಗೆ ಹೊರಳುವುದು ಕಷ್ಟವಾಯಿತು, ಹಣೆಯ ಹಿಂದಿನ ಭಾಗ ಉಳಿದ ಮೆದುಳಿನೊಂದಿಗೆ ಮಾತಾಡುವ ಜಾಲವೂ ಸಡಿಲಗೊಂಡಿತ್ತು. ಓದಿದ್ದು ನೆನಪಿರಬಹುದು, ಬುದ್ಧಿ ಹಾಗೇ ಇರಬಹುದು, ಒಂದರಿಂದ ಇನ್ನೊಂದಕ್ಕೆ ತಿರುಗುವ ಶಕ್ತಿ ಕುಗ್ಗಿತ್ತು. ಪರೀಕ್ಷೆ ಮುಗಿದು ಒಂದು ತಿಂಗಳು ಕಳೆದ ಮೇಲೆ ಅವರನ್ನೇ ಮತ್ತೆ ಕರೆದು ನೋಡಿದರು. ವ್ಯತ್ಯಾಸ ಅಳಿಸಿಹೋಗಿತ್ತು.

ಆ ಒಂದು ತಿಂಗಳ ಬೆಲೆ ತಿಳಿಯಲು ಇನ್ನೊಂದು ಪ್ರಯೋಗ ಬೇಕು. ಎರಿಕ್ ಬ್ಲಾಸ್, ಜಾನ್ ಮಾರಿಸನ್ ಮತ್ತು ಸಂಗಡಿಗರು 2010ರಲ್ಲಿ ಎಳೆಯ, ನಡುವಯಸ್ಸಿನ ಮತ್ತು ಮುದಿ ಇಲಿಗಳಿಗೆ ಒಂದೇ ಬಗೆಯ ಒತ್ತಡ ಕೊಟ್ಟು, ಆಮೇಲೆ ವಿಶ್ರಾಂತಿ ಕೊಟ್ಟರು. ಒತ್ತಡಕ್ಕೆ ಎಲ್ಲ ವಯಸ್ಸಿನ ಇಲಿಗಳ ಪ್ರೀಫ್ರಾಂಟಲ್ ಕವಲುಗಳೂ ಕುಗ್ಗಿದವು. ವಿಶ್ರಾಂತಿಯಲ್ಲಿ ಮತ್ತೆ ಚಿಗುರಿದ್ದು ಎಳೆಯ ಇಲಿಗಳದು ಮಾತ್ರ. ಯೌವನದ ಮೆದುಳಿನ ದೊಡ್ಡ ಸಂಪತ್ತು ಪೆಟ್ಟು ತಾಗದಿರುವುದಲ್ಲ, ಪೆಟ್ಟಿನಿಂದ ಎದ್ದುಬರುವುದು. ಆದರೆ ಅದಕ್ಕೆ ಬಿಡುವು ಬೇಕು. ಸೆಮಿಸ್ಟರಿನ ಬೆನ್ನಿಗೆ ಸೆಮಿಸ್ಟರು, ನಡುವೆ ಕೋಚಿಂಗು, ಅದರ ನಡುವೆ ಪಾರ್ಟ್‌ಟೈಮ್ ಕೆಲಸ ಎಂದು ಬಿಡುವೇ ಇಲ್ಲದೆ ಓಡುವ ಯುವಕನಿಗೆ ‘ನೀನಿನ್ನೂ ಚಿಕ್ಕವನು, ತಡ್ಕೊಳ್ಳೋ ವಯಸ್ಸು’ ಎಂದು ಹೇಳುವಾಗ ನಾವು ಅವನ ಸಂಪತ್ತನ್ನು ಹೊಗಳುತ್ತಲೇ ಕಸಿದುಕೊಳ್ಳುತ್ತಿದ್ದೇವೆ.

ಬಿಡುವಿನ ಜೊತೆಗೆ ಬೇಕಾದ ಇನ್ನೊಂದು ಸಂಗತಿ ಹಿಡಿತ. ಇದರ ಕಥೆ ಉದ್ದ, ಹೇಳಲೇಬೇಕಾದದ್ದು. 1967ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪಿನ ನಾಯಿಗಳು ತಲೆಯಿಂದ ಹಲಗೆ ಒತ್ತಿ ಶಾಕನ್ನು ನಿಲ್ಲಿಸಬಹುದಿತ್ತು. ಇನ್ನೊಂದು ಗುಂಪಿಗೆ ಅಷ್ಟೇ ಶಾಕ್, ಆದರೆ ಅವು ಏನು ಮಾಡಿದರೂ ನಿಲ್ಲದು. ಆಮೇಲೆ ಎರಡೂ ಗುಂಪುಗಳನ್ನು, ಸುಲಭವಾಗಿ ಹಾರಿ ತಪ್ಪಿಸಿಕೊಳ್ಳಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟರು. ಮೊದಲ ಗುಂಪು ಹಾರಿತು. ಎರಡನೆಯ ಗುಂಪಿನ ಬಹಳಷ್ಟು ನಾಯಿಗಳು ಹಾರುವ ಪ್ರಯತ್ನವನ್ನೇ ಮಾಡದೆ ಮುದುರಿ ಕೂತವು. ಅವು ಅಸಹಾಯಕತೆಯನ್ನು ಕಲಿತಿವೆ ಎಂದು ಇಬ್ಬರೂ ತೀರ್ಮಾನಿಸಿದರು. ಅರ್ಧ ಶತಮಾನ ಮನೋವಿಜ್ಞಾನದ ಪಠ್ಯಗಳೆಲ್ಲ ಅದನ್ನೇ ಹೇಳಿದವು.

ಮೇಯರ್ ಆಮೇಲೆ ನರವಿಜ್ಞಾನದ ಕಡೆ ತಿರುಗಿ ಇಲಿಗಳ ಮೆದುಳಿನಲ್ಲಿ ಇದರ ಜಾಡು ಹುಡುಕುತ್ತಾ ಹೋದರು. 2016ರಲ್ಲಿ ಅದೇ ಇಬ್ಬರು ಸೇರಿ ತಮ್ಮ ಪ್ರಸಿದ್ಧ ತೀರ್ಮಾನವನ್ನೇ ತಲೆಕೆಳಗು ಮಾಡುವ ಲೇಖನ ಬರೆದರು. ದೀರ್ಘವಾದ ಕಷ್ಟಕ್ಕೆ ಮುದುರಿ ಕೂರುವುದು ಪ್ರಾಣಿಯ ಹುಟ್ಟು ಪ್ರತಿಕ್ರಿಯೆ, ಅದನ್ನು ಕಲಿಯಬೇಕಾಗಿಲ್ಲ. ಮೆದುಳಿನ ಕಾಂಡದ ಡಾರ್ಸಲ್ ರಾಫೆ ಎಂಬ ಸಣ್ಣ ಗುಂಪು ಅದನ್ನು ತಾನಾಗಿ ಹುಟ್ಟಿಸುತ್ತದೆ. ಕಲಿಯಬೇಕಾದದ್ದು ಇದರ ವಿರುದ್ಧದ ಸಂಗತಿ: ‘ನಾನು ಮಾಡುವುದರಿಂದ ಇಲ್ಲಿ ಏನೋ ಬದಲಾಗುತ್ತದೆ’ ಎಂಬುದು. ಅದನ್ನು ಪತ್ತೆ ಮಾಡುವುದು ಹಣೆಯ ಹಿಂದಿನ ಮೆದುಳು, ಪತ್ತೆ ಮಾಡಿದ ಮೇಲೆ ಅದು ಕೆಳಗಿನ ಆ ಗುಂಪನ್ನು ಸುಮ್ಮನಾಗಿಸುತ್ತದೆ. ಒಮ್ಮೆ ಹೀಗೆ ಹಿಡಿತದ ಅನುಭವ ಪಡೆದ ಇಲಿಗೆ ಆಮೇಲೆ ತಪ್ಪಿಸಿಕೊಳ್ಳಲಾಗದ ಕಷ್ಟ ಎದುರಾದಾಗಲೂ ಅದು ಮುದುರಿ ಕೂರಲಿಲ್ಲ. ಬೆಳೆಯುವ ವಯಸ್ಸಿನಲ್ಲಿ ಪಡೆದ ಅನುಭವ ದೊಡ್ಡದಾದ ಮೇಲೂ ಕಾಯಿತು. ತಮ್ಮ ಹೆಸರಿನೊಂದಿಗೇ ಬೆಸೆದುಹೋಗಿದ್ದ ಸಿದ್ಧಾಂತವನ್ನು ಐವತ್ತು ವರ್ಷದ ನಂತರ ಬಿಟ್ಟುಕೊಟ್ಟ ಈ ಇಬ್ಬರು ವಿಜ್ಞಾನಿಗಳ ಬಗ್ಗೆ ನನಗೆ ಬಹಳ ಗೌರವ.

ಬದಲಾವಣೆಗೆ ಒಗ್ಗುವ ಶಕ್ತಿ ಬದಲಾವಣೆಯ ಪೆಟ್ಟು ತಿಂದು ತಿಂದು ಬರುವುದಿಲ್ಲ, ಅದರಲ್ಲಿ ತನ್ನ ಕೈಯೂ ಓಡುತ್ತದೆ ಎಂದು ಕಂಡುಕೊಂಡಾಗ ಬರುತ್ತದೆ. ಹೊಸ ಊರಿಗೆ ಬಂದ ಹುಡುಗಿ ತನ್ನ ಕೋಣೆಯಲ್ಲಿ ತಾನೇ ಗೊತ್ತುಮಾಡಿಕೊಂಡ ಹೊತ್ತಿಗೆ ಏಳುವುದು, ಬಸ್ಸಿನ ದಾರಿಯನ್ನು ತಾನೇ ಹುಡುಕಿಕೊಳ್ಳುವುದು, ಅರ್ಥವಾಗದ ಪಾಠಕ್ಕೆ ಅದೇ ಊರಿನ ಸೀನಿಯರ್ ಒಬ್ಬಳನ್ನು ಹಿಡಿದು ಕನ್ನಡದಲ್ಲಿ ಹೇಳಿಸಿಕೊಳ್ಳುವುದು, ಇವೆಲ್ಲ ಚಿಕ್ಕವು. ಆದರೆ ಪ್ರತಿಯೊಂದರಲ್ಲೂ ಮಾಡಿದ್ದಕ್ಕೂ ಆದದ್ದಕ್ಕೂ ನಡುವಿನ ನಂಟನ್ನು ಮೆದುಳು ಗುರುತಿಸುತ್ತದೆ. ದೊಡ್ಡ ಬದಲಾವಣೆಯ ವರ್ಷದಲ್ಲಿ ಉಳಿದೆಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ ಎಂದು ನಾನು ಹೇಳುವುದೂ ಇದಕ್ಕೇ. ಊರು ಬದಲಾದರೆ ದಿನಚರಿ ಹಳೆಯದಿರಲಿ, ಕೆಲಸ ಬದಲಾದರೆ ಗೆಳೆಯರು ಹಳಬರಿರಲಿ.

ಇದೇ ಬೆಳಕಿನಲ್ಲಿ ನೋಡಿದರೆ ನಮ್ಮ ಮನೆಗಳಲ್ಲಿ ಹೊಂದಿಕೆಯನ್ನು ಯಾರಿಂದ ಕೇಳುತ್ತೇವೆ ಎಂಬುದು ಚುಚ್ಚುತ್ತದೆ. ಇಪ್ಪತ್ತೆರಡು ಇಪ್ಪತ್ಮೂರರ ಹೆಣ್ಣುಮಗಳು ಮದುವೆಯಾಗಿ ಊರು, ಮನೆ, ಅಡುಗೆಯ ರುಚಿ, ಏಳುವ ಹೊತ್ತು, ಕೆಲವೊಮ್ಮೆ ಓದು ಮತ್ತು ನೌಕರಿ ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಿಕೊಳ್ಳಬೇಕು. ಇವುಗಳಲ್ಲಿ ಒಂದನ್ನಾದರೂ ಅವಳು ಆರಿಸಿದ್ದಾಳೆಯೇ ಎಂದು ಕೇಳುವವರಿಲ್ಲ. ‘ಹೊಂದಿಕೊಂಡು ಹೋಗಮ್ಮ’ ಎಂಬುದನ್ನು ಮಾತ್ರ ಅಮ್ಮನಿಂದ ಅತ್ತೆಯವರೆಗೆ ಎಲ್ಲರೂ ಹೇಳುತ್ತಾರೆ. ಗುತ್ತಿಗೆ ಕೆಲಸದಲ್ಲಿ ಯಾವ ವಾರ ಯಾವ ಶಿಫ್ಟ್ ಎಂದು ಹಿಂದಿನ ರಾತ್ರಿ ಮೆಸೇಜಿನಲ್ಲಿ ತಿಳಿಯುವ ಹುಡುಗನ ಪಾಡೂ ಬೇರೆಯಲ್ಲ. ಇಂಥವರು ಮಂಕಾದಾಗ ಅವರ ಸ್ವಭಾವದಲ್ಲಿ ಕೊರತೆ ಹುಡುಕುವುದು ಅನ್ಯಾಯ. ಅವಳ ಓದು ಅವಳ ಕೈಯಲ್ಲೇ ಉಳಿದರೆ, ಅವನಿಗೆ ಮುಂದಿನ ತಿಂಗಳ ಶಿಫ್ಟ್ ಪಟ್ಟಿ ಮೊದಲೇ ಸಿಕ್ಕರೆ, ಉಳಿದ ಬದಲಾವಣೆಗಳನ್ನು ಅವರು ಹೊರುವ ರೀತಿಯೇ ಬೇರೆಯಾಗುತ್ತದೆ.

ಸಂಸ್ಥೆಗಳೂ ಇದನ್ನು ಮಾಡಬಲ್ಲವು. ಕರ್ನಾಟಕದಲ್ಲಿ 2023-24ರ ಸಾಲಿನಲ್ಲಿ ಎಸ್ಎಸ್ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ಪೂರಕ ಪರೀಕ್ಷೆಯ ಬದಲು ವರ್ಷದಲ್ಲಿ ಮೂರು ಪರೀಕ್ಷೆ ಬಂದವು. ಬರೆದ ಪರೀಕ್ಷೆಗಳಲ್ಲಿ ಯಾವುದರ ಅಂಕ ಹೆಚ್ಚೋ ಅದನ್ನು ವಿದ್ಯಾರ್ಥಿ ಉಳಿಸಿಕೊಳ್ಳಬಹುದು. ಇದರ ಆಡಳಿತದ ಕಷ್ಟಗಳ ಬಗ್ಗೆ, ಅಧ್ಯಾಪಕರ ಮೇಲೆ ಬಿದ್ದ ಹೊರೆಯ ಬಗ್ಗೆ ದೂರುಗಳು ಬಂದವು, ಅವು ಸುಳ್ಳಲ್ಲ. ಆದರೆ ಮೆದುಳಿನ ಕಡೆಯಿಂದ ನೋಡಿದಾಗ ಇದು ನಾನು ಮನಸಾರೆ ಮೆಚ್ಚುವ ಬದಲಾವಣೆ. ಮೊದಲ ಪರೀಕ್ಷೆಯ ಫಲಿತಾಂಶ ತೀರ್ಪಾಗದೆ ಸುದ್ದಿಯಾಗುತ್ತದೆ, ಅದಕ್ಕೆ ತಕ್ಕಂತೆ ಓದುವ ರೀತಿಯನ್ನು ತಿದ್ದಿ ಇನ್ನೊಮ್ಮೆ ಕೈಹಾಕಿ ನೋಡಬಹುದು, ಹಾಗೆ ನೋಡಬೇಕೋ ಬೇಡವೋ ಎಂಬುದು ವಿದ್ಯಾರ್ಥಿಯ ಆಯ್ಕೆ.

ಉಳಿದಿರುವ ತೊಡಕು ನಡುವಿನ ದಿನಗಳದು. ಮೊದಲ ಫಲಿತಾಂಶಕ್ಕೂ ಎರಡನೆಯ ಪರೀಕ್ಷೆಗೂ ಕೆಲವೇ ವಾರಗಳ ಅಂತರ. ಆ ವಾರಗಳಿಗಾಗಿಯೇ ಟ್ಯೂಷನ್ನಿನವರು ಬೆಳಗಿನಿಂದ ರಾತ್ರಿಯವರೆಗಿನ ಕ್ರ್ಯಾಶ್ ಕೋರ್ಸುಗಳನ್ನು ಮಾರುತ್ತಾರೆ. ಮನೆಯವರು ಮಗ ಒಂದು ಗಳಿಗೆಯೂ ಸುಮ್ಮನೆ ಕೂರದಂತೆ ನೋಡಿಕೊಳ್ಳುತ್ತಾರೆ. ಲಿಸ್ಟನ್ ಅವರ ವೈದ್ಯ ವಿದ್ಯಾರ್ಥಿಗಳಿಗೆ ಆ ಒಂದು ತಿಂಗಳಲ್ಲಿ ಯಾರೂ ಔಷಧಿ ಕೊಟ್ಟಿರಲಿಲ್ಲ, ತರಬೇತಿ ಕೊಟ್ಟಿರಲಿಲ್ಲ. ಪರೀಕ್ಷೆ ಮುಗಿದಿತ್ತು, ಅಷ್ಟೇ. ಎರಡನೆಯ ಪರೀಕ್ಷೆ ಬರೆಯಲಿರುವ ಹುಡುಗನಿಗೆ ಪೂರ್ತಿ ತಿಂಗಳು ಸಿಗದಿರಬಹುದು. ಮೊದಲ ವಾರವಾದರೂ ಅವನು ಅಜ್ಜಿಯ ಊರಿಗೆ ಹೋಗಿ ಕೆರೆದಂಡೆಯಲ್ಲಿ ಕ್ರಿಕೆಟ್ ಆಡಿ, ಹೊತ್ತೇರುವವರೆಗೆ ಮಲಗಿ ಬರಲಿ. ಪುಸ್ತಕ ಬಿಚ್ಚುವ ದಿನವನ್ನು ಅವನೇ ಗೊತ್ತುಮಾಡಲಿ.